ಮೂಳೆಯ ಚೂರಿಗೆ ಹೆಸರು ಸಿಗುವ ಬಗೆ

1965ರ ಸೆಪ್ಟೆಂಬರ್ 7ರಂದು ಪಂಜಾಬಿನ ಆದಂಪುರದಿಂದ ನಮ್ಮ ವಾಯುಪಡೆಯ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವತ್ತು ಸ್ಟ್ಯಾಂಡ್‌ಬೈ ಪೈಲಟ್. ಬೇರೆ ಯಾರಾದರೂ ಹಿಂದುಳಿದರೆ ಮಾತ್ರ ಅವರು ಹೋಗಬೇಕಿತ್ತು. ಒಬ್ಬರು ಹಿಂದುಳಿದರು, ದೇವಯ್ಯ ಹೊರಟರು. ವಾಪಸ್ ಬರಲಿಲ್ಲ. ಕಡತದಲ್ಲಿ ಅವರ ಹೆಸರಿನ ಮುಂದೆ ‘ಕಾಣೆಯಾಗಿದ್ದಾರೆ’ ಎಂದು ಬಿತ್ತು.

ಅವರಿಗೆ ಏನಾಯಿತು ಅಂತ ಬಹಳ ವರ್ಷ ಇಲ್ಲಿ ಯಾರಿಗೂ ಗೊತ್ತಾಗಲಿಲ್ಲ. 1979ರಲ್ಲಿ ಬ್ರಿಟಿಷ್ ಲೇಖಕರೊಬ್ಬರು ಪಾಕಿಸ್ತಾನದ ಕಡೆಯ ಮಾಹಿತಿ ಇಟ್ಟುಕೊಂಡು ಆ ಯುದ್ಧದ ಬಗ್ಗೆ ಪುಸ್ತಕ ಬರೆದರು. ಅವತ್ತು ಒಂದು ಮಿಸ್ಟೇರ್ ವಿಮಾನ ತನಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನದ ಜೊತೆ ಸೆಣಸಿ, ಅದನ್ನು ಉರುಳಿಸಿತ್ತು ಎಂಬ ವಿಷಯ ಅದರಲ್ಲಿತ್ತು. ಸ್ಟಾರ್‌ಫೈಟರ್‌ನ ಪೈಲಟ್ ಪ್ಯಾರಾಶೂಟಿನಲ್ಲಿ ಇಳಿದು ಬದುಕಿಕೊಂಡಿದ್ದ. ಹೊತ್ತು, ಜಾಗ, ವಿಮಾನದ ಬಗೆ ಮೂರನ್ನೂ ಇಲ್ಲಿನ ದಾಖಲೆಯ ಪಕ್ಕ ಇಟ್ಟು ನೋಡಿದಾಗ ಉಳಿದದ್ದು ಒಂದೇ ಹೆಸರು. 1988ರಲ್ಲಿ ದೇವಯ್ಯನವರಿಗೆ ಮಹಾವೀರ ಚಕ್ರ ಬಂತು. ಅವರ ಪತ್ನಿ ಅದನ್ನು ಸ್ವೀಕರಿಸಿದರು. ದೇಹ ಮಾತ್ರ ಗಡಿಯ ಆಚೆಯೇ ಉಳಿಯಿತು.

ಇಲ್ಲಿ ಯಾರೂ ಒಂದು ಮೂಳೆಯನ್ನೂ ಪರೀಕ್ಷೆ ಮಾಡಲಿಲ್ಲ. ಕಾಗದವೇ ಎಲ್ಲವನ್ನೂ ಹೇಳಿತು, ಅದೂ ಎದುರಾಳಿಯ ಕಡೆಯ ಕಾಗದ. ಕಾಣೆಯಾದ ಪೈಲಟ್‌ಗಳ ಗುರುತು ಹಿಡಿಯುವುದು ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಡಿಎನ್‌ಎ. ಆದರೆ ಡಿಎನ್‌ಎ ಬರುವುದು ಕಟ್ಟಕಡೆಗೆ. ಅದಕ್ಕೆ ಮೊದಲು ಕಾಗದ, ಆಮೇಲೆ ಮಣ್ಣು, ಆಮೇಲೆ ಮೂಳೆ. ‘ಇವನು ಅಲ್ಲ, ಇವನೂ ಅಲ್ಲ’ ಅಂತ ಒಬ್ಬೊಬ್ಬರನ್ನೇ ಬಿಡುತ್ತಾ ಬಂದು, ಕೊನೆಗೆ ಒಬ್ಬರೇ ಉಳಿದಾಗ ಮಾತ್ರ ಹೆಸರು ಹೇಳಬೇಕು. ಈ ಕೆಲಸದ ಕಷ್ಟವೂ ಅದೇ, ಮರ್ಯಾದೆಯೂ ಅದೇ.

ನೆಲದ ಮೇಲೆ ಕಾದಾಡಿದ ಸೈನಿಕ ಸತ್ತರೆ ಸಾಮಾನ್ಯವಾಗಿ ಪಕ್ಕದಲ್ಲಿದ್ದವರು ನೋಡಿರುತ್ತಾರೆ. ಎಲ್ಲಿ ಬಿದ್ದ, ಎಲ್ಲಿ ಮಣ್ಣು ಮಾಡಿದರು ಎಂದು ಒಬ್ಬರಾದರೂ ಹೇಳುತ್ತಾರೆ. ವಿಮಾನದವರ ಕಥೆ ಹಾಗಲ್ಲ. ಅವರು ನೂರಾರು ಕಿಲೋಮೀಟರ್ ದೂರ ಹೋಗಿ, ಶತ್ರುವಿನ ನೆಲದಲ್ಲೋ ಸಮುದ್ರದಲ್ಲೋ ಹಿಮಬೆಟ್ಟದಲ್ಲೋ ಬೀಳುತ್ತಾರೆ. ಬೀಳುವ ವೇಗ, ಹೊತ್ತಿಕೊಳ್ಳುವ ಇಂಧನ, ಒಳಗಿರುವ ಬಾಂಬು, ಇವೆಲ್ಲ ಸೇರಿ ದೇಹದಲ್ಲಿ ಜಾಸ್ತಿ ಏನನ್ನೂ ಉಳಿಸುವುದಿಲ್ಲ. ದೊಡ್ಡ ಬಾಂಬರ್ ಆದರೆ ಒಂದೇ ಗುಂಡಿಯಲ್ಲಿ ಎಂಟು, ಹತ್ತು ಜನರ ಮೂಳೆ ಬೆರೆತಿರುತ್ತದೆ.

ಎರಡನೇ ಮಹಾಯುದ್ಧದಿಂದ ಈಚೆಗೆ ಅಮೆರಿಕದವರೇ 80 ಸಾವಿರಕ್ಕೂ ಜಾಸ್ತಿ ಯೋಧರು ಇನ್ನೂ ಲೆಕ್ಕಕ್ಕೆ ಸಿಕ್ಕಿಲ್ಲ. ಅವರಲ್ಲಿ 70 ಸಾವಿರಕ್ಕಿಂತ ಹೆಚ್ಚಿನವರು ಎರಡನೇ ಮಹಾಯುದ್ಧದವರು. ಅರ್ಧದಷ್ಟು ಜನ ಸಮುದ್ರ ಪಾಲಾದವರು. ಅವರನ್ನು ಹುಡುಕಲು ಅಮೆರಿಕದ ರಕ್ಷಣಾ ಇಲಾಖೆಯಲ್ಲಿ ಡಿಪಿಎಎ ಎಂಬ ಪ್ರತ್ಯೇಕ ಸಂಸ್ಥೆಯೇ ಇದೆ. 2015ರಲ್ಲಿ ಹಳೆಯ ಘಟಕಗಳನ್ನು ಸೇರಿಸಿ ಅದನ್ನು ಕಟ್ಟಿದರು. ಮೂಳೆಗಳನ್ನು ನೋಡುವ ಅದರ ಪ್ರಯೋಗಾಲಯಗಳು ಹವಾಯಿ ಮತ್ತು ನೆಬ್ರಾಸ್ಕಾದಲ್ಲಿವೆ. ಡಿಎನ್‌ಎ ಪರೀಕ್ಷೆ ನಡೆಯುವುದು ಡೆಲವೇರ್ ರಾಜ್ಯದ ಡೋವರ್‌ನಲ್ಲಿ.

ಈ ಹುಡುಕಾಟ ನಮ್ಮ ದೇಶದಲ್ಲೂ ನಡೆದಿದೆ. 1942ರಲ್ಲಿ ಜಪಾನೀಯರು ಬರ್ಮಾ ಹಿಡಿದಾಗ ಚೀನಾಕ್ಕೆ ಹೋಗುವ ರಸ್ತೆ ಮುಚ್ಚಿತು. ಆಗ ಅಸ್ಸಾಮಿನಿಂದ ಚೀನಾದ ಕುನ್ಮಿಂಗ್‌ಗೆ ಹಿಮಾಲಯ ದಾಟಿ ವಿಮಾನಗಳಲ್ಲೇ ಸಾಮಾನು ಸಾಗಿಸಬೇಕಾಯಿತು. ಪೈಲಟ್‌ಗಳು ಆ ದಾರಿಯನ್ನು ‘ಹಂಪ್’, ಅಂದರೆ ಗೂನು, ಎಂದು ಕರೆದರು. ರೆಕ್ಕೆಯ ಮೇಲೆ ಹಿಮ ಕಟ್ಟುತ್ತಿತ್ತು, ಗಾಳಿ ವಿಮಾನವನ್ನು ದಾರಿ ತಪ್ಪಿಸುತ್ತಿತ್ತು. ಸುಮಾರು 600 ವಿಮಾನಗಳು ಅಲ್ಲಿ ಬಿದ್ದವು. ಬಿದ್ದ ಲೋಹ ಎಷ್ಟೆಂದರೆ ಅದಕ್ಕೆ ‘ಅಲ್ಯೂಮಿನಿಯಂ ಹಾದಿ’ ಎಂಬ ಹೆಸರೇ ಬಂತು. ಬೆಂಗಳೂರಿಗೂ ಇದರ ನಂಟಿದೆ. 1940ರ ಡಿಸೆಂಬರಿನಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಇವತ್ತಿನ ಎಚ್‌ಎಎಲ್, ಯುದ್ಧದ ನಡುವೆ ಅಮೆರಿಕದ ವಾಯುಸೇನೆಯ ಕೈಗೆ ಹೋಯಿತು. ಈ ಭಾಗದಲ್ಲಿ ಹಾರುತ್ತಿದ್ದ ಅಮೆರಿಕದ ವಿಮಾನಗಳನ್ನು ಬಿಚ್ಚಿ, ರಿಪೇರಿ ಮಾಡಿ ಮತ್ತೆ ಹಾರಲು ಕಳಿಸಿದ್ದು ಇದೇ ಊರಿನ ಕೆಲಸಗಾರರು.

ಹಂಪ್ ದಾರಿಯಲ್ಲಿ ಕಾಣೆಯಾದ ವಿಮಾನಗಳಲ್ಲಿ ಒಂದು ಬಿ-24 ಬಾಂಬರ್. ಅದರ ಸಿಬ್ಬಂದಿ ಅದಕ್ಕೆ ಇಟ್ಟ ಹೆಸರು ‘ಹಾಟ್ ಆ್ಯಸ್ ಹೆಲ್’. 1944ರ ಜನವರಿ 25ರಂದು ಕುನ್ಮಿಂಗ್‌ನಿಂದ ಅಸ್ಸಾಮಿನ ಚಬುವಾಗೆ ಹೊರಟಿತ್ತು. ಒಳಗೆ ಎಂಟು ಜನ ಇದ್ದರು. ಚಬುವಾ ಮುಟ್ಟಲಿಲ್ಲ. 2006ರಲ್ಲಿ ಅರಿಜೋನಾದ ಒಬ್ಬ ಪರ್ವತಾರೋಹಿ ಅರುಣಾಚಲದ ದಮ್ರೋ ಊರಿನ ಮೇಲಿನ ಬೆಟ್ಟದಲ್ಲಿ ಅದರ ಅವಶೇಷ ಕಂಡರು. ಅಷ್ಟಕ್ಕೇ ಮುಗಿಯಲಿಲ್ಲ. ಗಡಿಯ ಸೂಕ್ಷ್ಮ ಪ್ರದೇಶ, ಅನುಮತಿ ಬೇಕು. ಮಳೆ ಬಂದರೆ ಬೆಟ್ಟ ಹತ್ತಲಾಗದು, ಚಳಿಗಾಲದಲ್ಲಿ ಹಿಮ. ತಂಡ ಅಗೆದು ಮುಗಿಸಿದ್ದು 2015ರಲ್ಲಿ. 2016ರ ಏಪ್ರಿಲ್‌ನಲ್ಲಿ ದೆಹಲಿಯಿಂದ ಅವಶೇಷಗಳನ್ನು ಅಮೆರಿಕಕ್ಕೆ ಕಳಿಸಿದಾಗ ಅಲ್ಲಿನ ರಕ್ಷಣಾ ಕಾರ್ಯದರ್ಶಿಯೇ ವಿಮಾನ ನಿಲ್ದಾಣದಲ್ಲಿ ನಿಂತಿದ್ದರು. 2017ರಲ್ಲಿ ಎಂಟು ಜನರಲ್ಲಿ ಒಬ್ಬ ಲೆಫ್ಟಿನೆಂಟ್‌ನ ಗುರುತು ಹೊರಬಿತ್ತು. ಜಾರ್ಜಿಯಾ ರಾಜ್ಯದ ಅವನ ಊರಿನಲ್ಲೇ ಮಣ್ಣು ಮಾಡಿದರು. ಹೊರಟ ದಿನದಿಂದ ಲೆಕ್ಕ ಹಾಕಿದರೆ 73 ವರ್ಷ.

ಈಗ ಮೊದಲ ಹೆಜ್ಜೆ, ಕಾಗದ. ಎರಡನೇ ಮಹಾಯುದ್ಧದಲ್ಲಿ ವಿಮಾನ ಕಾಣೆಯಾದರೆ ಅಮೆರಿಕದ ವಾಯುಸೇನೆ 1943ರಿಂದ ಒಂದು ವರದಿ ಬರೆದಿಡುತ್ತಿತ್ತು. ಯಾರಿದ್ದರು, ಕೊನೆಗೆ ಎಲ್ಲಿ ಕಂಡರು, ಹವಾಮಾನ ಹೇಗಿತ್ತು ಎಂಬುದರ ಜೊತೆಗೆ ಇಂಜಿನ್‌ನ ನಂಬರ್ ಮತ್ತು ಮಷಿನ್‌ಗನ್‌ಗಳ ನಂಬರ್ ಕೂಡ ಅದರಲ್ಲಿರುತ್ತಿತ್ತು. ಬರೆದ ಗುಮಾಸ್ತನಿಗೆ ಅದು ಸುಮ್ನೆ ಒಂದು ಫಾರಂ. ಇವತ್ತು ಬೆಟ್ಟದಲ್ಲಿ ತುಕ್ಕು ಹಿಡಿದ ಬಂದೂಕು ಸಿಕ್ಕಿ, ಅದರ ಮೇಲಿನ ಅಂಕಿ ಓದಲು ಬಂದರೆ, ಅದು ಯಾವ ವಿಮಾನ, ಅದರಲ್ಲಿ ಯಾರ್ಯಾರಿದ್ದರು ಎಂದು ಹೇಳಿಬಿಡಬಹುದು. ಜರ್ಮನ್ನರೂ ತಮ್ಮ ನೆಲದಲ್ಲಿ ಬಿದ್ದ ವಿಮಾನಗಳ ಬಗ್ಗೆ ಬರೆದಿಡುತ್ತಿದ್ದರು. ಅವೂ ಈಗ ಕೆಲಸಕ್ಕೆ ಬರುತ್ತವೆ.

ಈ ಹೆಜ್ಜೆ ತಪ್ಪಿದರೆ ಮುಂದಿನದೆಲ್ಲ ತಪ್ಪು. ನೆದರ್ಲೆಂಡ್ಸ್‌ನ ಮಾರ್ಕರ್‌ಮೇರ್ ಸರೋವರದ ತಳದಲ್ಲಿ ಒಂದು ಬ್ರಿಟಿಷ್ ಸ್ಟರ್ಲಿಂಗ್ ಬಾಂಬರ್ ಇತ್ತು. 2008ರಲ್ಲಿ ಅದರ ಚಕ್ರದ ಭಾಗ ಒಂದು ದೋಣಿಯ ಲಂಗರಿಗೆ ಸಿಕ್ಕಿ ಮೇಲೆ ಬಂತು. ಮೊದಲು ಅದು ಬಿಕೆ710 ಎಂದುಕೊಂಡರು. ಮತ್ತಷ್ಟು ಹುಡುಕಿದಾಗ ಅದು 1943ರ ಮಾರ್ಚ್‌ನಲ್ಲಿ ಬರ್ಲಿನ್‌ನಿಂದ ವಾಪಸ್ ಬರುವಾಗ ಕಾಣೆಯಾದ ಬಿಕೆ716 ಎಂದು ಗೊತ್ತಾಯಿತು. ನಂಬರಿನಲ್ಲಿ ಒಂದು ಅಂಕಿ ಬದಲಾಯಿತು, ಅಷ್ಟೇ. ಆದರೆ ಒಳಗಿದ್ದ ಏಳು ಜನರೂ ಬದಲಾದರು, ಸುದ್ದಿ ಕಾಯುವ ಏಳು ಮನೆಗಳೂ ಬದಲಾದವು.

ಜಾಗ ಗೊತ್ತಾದ ಮೇಲೆ ಅಗೆತ. ಪುರಾತತ್ವದವರ ಹಾಗೆಯೇ ನೆಲಕ್ಕೆ ದಾರ ಕಟ್ಟಿ ಚೌಕ ಮಾಡಿಕೊಳ್ಳುತ್ತಾರೆ. ಪ್ರತಿ ಚೌಕದ ಮಣ್ಣನ್ನೂ ಬಕೆಟ್‌ಗಟ್ಟಲೆ ಎತ್ತಿ, ಸುಮಾರು 6 ಮಿಲಿಮೀಟರ್ ಕಣ್ಣಿನ ಜರಡಿಗೆ ಹಾಕಿ ಜಾಲಿಸುತ್ತಾರೆ. ವಾರಗಟ್ಟಲೆ ಇದೇ ಕೆಲಸ. ಸಿಗುವುದು ಒಂದು ಹಲ್ಲು, ಬೆರಳುಗುರಿನಷ್ಟು ಮೂಳೆ, ಒಂದು ಜಿಪ್, ಪ್ಯಾರಾಶೂಟ್ ಪಟ್ಟಿಯ ಬಕಲ್, ಬೂಟಿನ ಅಟ್ಟೆ. ಅದೃಷ್ಟವಿದ್ದರೆ ಕೊರಳಿನ ಗುರುತಿನ ಬಿಲ್ಲೆ. ಪೈಲಟ್‌ನ ಸಾಮಾನುಗಳನ್ನಷ್ಟೇ ನೋಡುವ ಪರಿಣತರೂ ಇದ್ದಾರೆ. ಬಕಲ್ ಹಾಕಿದ್ದೇ, ಬಿಚ್ಚಿದ್ದೇ? ಸೀಟು ಮೇಲಕ್ಕೆ ಚಿಮ್ಮಿತ್ತೇ, ವಿಮಾನದ ಜೊತೆಗೇ ಬಿತ್ತೇ? ಪೈಲಟ್ ವಿಮಾನದೊಳಗೇ ಇದ್ದನೋ, ಹಾರಿಕೊಂಡನೋ ಎಂಬುದು ಇದರಿಂದ ಎಷ್ಟೋ ಸಲ ತಿಳಿಯುತ್ತದೆ. ವಿಯೆಟ್ನಾಂನ ಹುಳಿ ಮಣ್ಣು ಮೂಳೆಯನ್ನೇ ಕರಗಿಸಿಬಿಡುತ್ತದೆ. ಅಲ್ಲಿ ಕೆಲವು ಸಲ ಲೋಹ ಮತ್ತು ನೈಲಾನ್ ಮಾತ್ರ ಸಾಕ್ಷಿಯಾಗಿ ಉಳಿಯುತ್ತವೆ.

ಮೂಳೆ ಪ್ರಯೋಗಾಲಯಕ್ಕೆ ಬಂದ ಮೇಲೆ ಒಂದು ಒಳ್ಳೆಯ ಪದ್ಧತಿ ಇದೆ. ಮೂಳೆ ನೋಡುವ ತಜ್ಞರಿಗೆ ಇದು ಯಾರದ್ದಿರಬಹುದು ಎಂದು ಮೊದಲೇ ಹೇಳುವುದಿಲ್ಲ. ವಯಸ್ಸು ಎಷ್ಟು, ಎತ್ತರ ಎಷ್ಟು, ಎಷ್ಟು ಜನರ ಮೂಳೆ ಇದೆ ಎಂಬುದನ್ನು ಅವರು ಮೂಳೆ ನೋಡಿಯೇ ಬರೆಯಬೇಕು. ಹೆಸರು ಗೊತ್ತಿದ್ದರೆ ಕಣ್ಣು ಆ ಹೆಸರಿನ ಕಡೆಗೇ ವಾಲುತ್ತದೆ. ಮನುಷ್ಯ ಸ್ವಭಾವ ಅದು, ಅಲ್ವಾ?

ಆದರೆ ಮೂಳೆಯ ಅಳತೆಯೂ ಮೋಸ ಮಾಡಬಹುದು. ಅದಕ್ಕೆ ಮೈಕೆಲ್ ಬ್ಲಾಸಿಯ ಕಥೆಯನ್ನು ಪೂರ್ತಿ ಹೇಳಬೇಕು.

ಬ್ಲಾಸಿ ಅಮೆರಿಕದ ವಾಯುಪಡೆಯ ಪೈಲಟ್. ವಯಸ್ಸು 24. 1972ರ ಮೇ 11ರಂದು ವಿಯೆಟ್ನಾಂನ ಆನ್ ಲೋಕ್ ಹತ್ತಿರ ಅವನ ಎ-37 ವಿಮಾನವನ್ನು ಹೊಡೆದುರುಳಿಸಿದರು. ಕೆಲವು ತಿಂಗಳ ಮೇಲೆ ದಕ್ಷಿಣ ವಿಯೆಟ್ನಾಂನ ಸೈನಿಕರಿಗೆ ಅಲ್ಲಿ ನಾಲ್ಕು ಪಕ್ಕೆಲುಬು, ಸೊಂಟದ ಒಂದು ಭಾಗ ಮತ್ತು ತೋಳಿನ ಮೂಳೆ ಸಿಕ್ಕವು. ಜೊತೆಗೆ ಪ್ಯಾರಾಶೂಟಿನ ತುಂಡು, ಒಬ್ಬರು ಕೂರುವಷ್ಟು ದೊಡ್ಡ ರಬ್ಬರ್ ತೆಪ್ಪ, ಬ್ಲಾಸಿಯ ಗುರುತಿನ ಚೀಟಿ. ಚೀಟಿ ಕೈಯಿಂದ ಕೈಗೆ ಹೋಗುವಾಗ ಎಲ್ಲೋ ಕಳೆದುಹೋಯಿತು. ಆದರೂ ಮೂಳೆಗಳ ಮೇಲೆ ‘ಬ್ಲಾಸಿ ಇರಬಹುದು’ ಎಂದು ಬರೆದಿಟ್ಟರು.

1980ರಲ್ಲಿ ಆ ಹೆಸರನ್ನು ತೆಗೆದುಹಾಕಿದರು. ಮೂಳೆಯ ಲೆಕ್ಕದಲ್ಲಿ ವಯಸ್ಸು ಬ್ಲಾಸಿಗಿಂತ ಜಾಸ್ತಿ ಬಂದಿತ್ತು, ಎತ್ತರ ಕಡಿಮೆ ಬಂದಿತ್ತು, ರಕ್ತದ ಗುಂಪೂ ತಾಳೆಯಾಗಲಿಲ್ಲ. ಹೆಸರಿನ ಜಾಗಕ್ಕೆ ಎಕ್ಸ್-26 ಎಂಬ ನಂಬರ್ ಬಂತು. 1984ರ ಮೇನಲ್ಲಿ ಆ ಆರು ಮೂಳೆಗಳನ್ನು ವಿಯೆಟ್ನಾಂ ಯುದ್ಧದ ‘ಅಜ್ಞಾತ ಯೋಧ’ ಎಂದು ಆರ್ಲಿಂಗ್ಟನ್ ಸ್ಮಶಾನದ ಸ್ಮಾರಕದಲ್ಲಿ ಇಟ್ಟರು. ಅಧ್ಯಕ್ಷ ರೇಗನ್ ಮುಂದೆ ನಿಂತು ಗೌರವ ಸಲ್ಲಿಸಿದರು. ಇಡೀ ದೇಶ ತಲೆಬಾಗಿದ ಆ ಸಮಾಧಿಯಲ್ಲಿ ತಮ್ಮ ಮಗನೇ ಇದ್ದಾನೆಂದು ಅವನ ಮನೆಯವರಿಗೆ ಗೊತ್ತಿರಲಿಲ್ಲ.

ಹಳೆಯ ಕಾಗದಗಳು ಹೊರಬಂದಾಗ ಮನೆಯವರು ಸಮಾಧಿ ತೆರೆಯಬೇಕೆಂದು ಕೇಳಿದರು. 1998ರ ಮೇ 14ರಂದು ತೆರೆದರು. ತಾಯಿ ಮತ್ತು ತಂಗಿಯ ಡಿಎನ್‌ಎ ಜೊತೆ ತಾಳೆಯಾಯಿತು. ಜೂನ್ ಕೊನೆಗೆ ಹೆಸರು ಹೇಳಿದರು, ಜುಲೈಯಲ್ಲಿ ಸೇಂಟ್ ಲೂಯಿಸ್‌ನಲ್ಲಿ ಮಣ್ಣು ಮಾಡಿದರು. ಆರ್ಲಿಂಗ್ಟನ್‌ನ ಆ ಜಾಗವನ್ನು ಇವತ್ತಿಗೂ ಖಾಲಿ ಬಿಟ್ಟಿದ್ದಾರೆ.

ಬರೀ ಆರು ಮೂಳೆಗಳಿಂದ ತೆಗೆದ ವಯಸ್ಸು ಮತ್ತು ಎತ್ತರ ಒಂದು ಅಂದಾಜು. ಆ ಅಂದಾಜನ್ನು ಖಚಿತ ಅಂತ ಹಿಡಿದು, ಸಿಕ್ಕಿದ ಸಾಮಾನುಗಳ ಸಾಕ್ಷಿಯನ್ನು ಪಕ್ಕಕ್ಕೆ ಸರಿಸಿದ್ದೇ ತಪ್ಪಾಯಿತು. ಆ ತೆಪ್ಪ ಯುದ್ಧವಿಮಾನದ ಪೈಲಟ್‌ನ ಸಾಮಾನು ಎಂಬುದು ಮೊದಲಿನಿಂದಲೂ ಕಣ್ಣೆದುರೇ ಇತ್ತು. ಈ ಕಥೆ ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಗುರುತು ಸಿಗದಿರುವುದು ಬೇರೆ, ಸಿಕ್ಕ ಗುರುತನ್ನು ಕಿತ್ತುಕೊಳ್ಳುವುದು ಬೇರೆ.

ಹಾಗಾದರೆ ಡಿಎನ್‌ಎ ಏನು ಹೇಳುತ್ತದೆ? ನಮ್ಮ ಜೀವಕೋಶದ ನಡುವೆ ಇರುವ ಡಿಎನ್‌ಎಯ ಪ್ರತಿ ಎರಡೇ, ಅಪ್ಪನದೊಂದು ಅಮ್ಮನದೊಂದು. 70 ವರ್ಷ ಮಳೆ ಬಿಸಿಲಿಗೆ ಬಿದ್ದ ಮೂಳೆಯಲ್ಲಿ ಅದು ಪುಡಿಪುಡಿಯಾಗಿರುತ್ತದೆ. ಆದರೆ ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾ ಎಂಬ ಪುಟ್ಟ ಭಾಗಗಳಿಗೂ ಸ್ವಂತ ಡಿಎನ್‌ಎ ಇದೆ. ಅದರ ಪ್ರತಿಗಳು ಒಂದೊಂದು ಕೋಶದಲ್ಲೂ ನೂರಾರು, ಸಾವಿರಾರು. ಹಾಗಾಗಿ ಹಳೆಯ ಮೂಳೆಯಲ್ಲೂ ಎಲ್ಲೋ ಸ್ವಲ್ಪ ಉಳಿದಿರುವ ಸಾಧ್ಯತೆ ಹೆಚ್ಚು.

ಈ ಡಿಎನ್‌ಎ ಬರುವುದು ತಾಯಿಯಿಂದ ಮಾತ್ರ. ಮಗನಿಗೂ ಬರುತ್ತದೆ, ಆದರೆ ಅವನು ಅದನ್ನು ತನ್ನ ಮಕ್ಕಳಿಗೆ ಕೊಡಲಾರ. ಹೀಗಾಗಿ ಸತ್ತ ಪೈಲಟ್‌ನ ಸ್ವಂತ ಮಗ ಬಂದು ಕೂತರೂ ಈ ಪರೀಕ್ಷೆಗೆ ಪ್ರಯೋಜನವಿಲ್ಲ. ತಂಗಿ ಬೇಕು. ಅವಳು ಇಲ್ಲದಿದ್ದರೆ ತಂಗಿಯ ಮಗನೋ ಮಗಳೋ. ತಾಯಿಯ ಅಕ್ಕತಂಗಿಯರಾದ ದೊಡ್ಡಮ್ಮ, ಚಿಕ್ಕಮ್ಮನ ಮಕ್ಕಳೂ ಆಗುತ್ತದೆ. ಸೋದರಮಾವ ಆಗುತ್ತದೆ, ಆದರೆ ಮಾವನ ಮಕ್ಕಳು ಆಗುವುದಿಲ್ಲ. ಅತ್ತೆಯ ಮಕ್ಕಳೂ ಆಗುವುದಿಲ್ಲ. ಇಂಗ್ಲಿಷಿನವರು ಇವರೆಲ್ಲರನ್ನೂ ‘ಕಸಿನ್’ ಎಂದು ಒಂದೇ ಮಾತಿನಲ್ಲಿ ಕರೆಯುವುದರಿಂದ ಅವರಿಗೆ ಚಿತ್ರ ಬಿಡಿಸಿ ತೋರಿಸಬೇಕಾಗುತ್ತದೆ. ನಮಗೆ ಸಂಬಂಧದ ಹೆಸರಿನಲ್ಲೇ ಅರ್ಧ ಉತ್ತರ ಇದೆ. ತುಳುನಾಡಿನ ಅಳಿಯಸಂತಾನ ಗೊತ್ತಿದ್ದವರಿಗಂತೂ ಇನ್ನೂ ಸುಲಭ. ಅಲ್ಲಿ ಮನೆತನ ಹೇಗೆ ತಾಯಿಯ ಕಡೆಯಿಂದ ಇಳಿಯುತ್ತದೋ, ಈ ಡಿಎನ್‌ಎಯೂ ಹಾಗೆಯೇ ಇಳಿಯುತ್ತದೆ. (ಸೋದರಮಾವನನ್ನೇ ಮದುವೆಯಾಗುವ ಮನೆಗಳಲ್ಲಿ ಮಾತ್ರ ಈ ಲೆಕ್ಕ ಸ್ವಲ್ಪ ಬೇರೆ.)

ಇದರಲ್ಲೊಂದು ತೊಡಕಿದೆ. ಮೈಟೋಕಾಂಡ್ರಿಯಾದ ಡಿಎನ್‌ಎ ಬೆರಳಚ್ಚಿನ ಹಾಗೆ ಒಬ್ಬರಿಗೇ ಸೇರಿದ್ದಲ್ಲ. ಸಂಬಂಧವೇ ಇಲ್ಲದವರಲ್ಲೂ ಒಂದೇ ಬಗೆ ಇರಬಹುದು. ಸಾಮಾನ್ಯವಾಗಿ ಪರೀಕ್ಷಿಸುವ ಭಾಗವನ್ನಷ್ಟೇ ನೋಡಿದರೆ, ಯುರೋಪ್ ಮೂಲದ ಅಮೆರಿಕನ್ನರಲ್ಲಿ ಅತಿ ಹೆಚ್ಚು ಕಾಣುವ ಬಗೆ ನೂರಕ್ಕೆ ಸುಮಾರು 7 ಜನರಲ್ಲಿದೆ. ಹಾಗಾಗಿ ‘ತಾಳೆಯಾಯಿತು’ ಅಂದರೆ ‘ಇವನೇ’ ಎಂದಲ್ಲ, ‘ಇವನು ಇರಬಹುದು’ ಎಂದಷ್ಟೇ. ‘ತಾಳೆಯಾಗಲಿಲ್ಲ’ ಅಂದರೆ ಮಾತ್ರ ‘ಇವನಲ್ಲ’ ಎಂಬುದು ಸಾಮಾನ್ಯವಾಗಿ ಗಟ್ಟಿ.

ಮೊದಲ ಹೆಜ್ಜೆಯ ಕಾಗದದ ಬೆಲೆ ಗೊತ್ತಾಗುವುದು ಇಲ್ಲೇ. ಬಂದೂಕಿನ ನಂಬರಿನಿಂದ ವಿಮಾನ ಗೊತ್ತಾಗಿದೆ, ಒಳಗಿದ್ದದ್ದು ಎಂಟೇ ಜನ ಎಂದುಕೊಳ್ಳಿ. ಎಂಟೂ ಮನೆಗಳಿಂದ ಮಾದರಿ ತಂದು, ಎಂಟೂ ಬೇರೆಬೇರೆ ಬಗೆ ಎಂದು ಕಂಡರೆ, ಆಗ ಒಂದು ಚೂರು ಮೂಳೆ ತಾಳೆಯಾದದ್ದು ಒಬ್ಬರ ಜೊತೆ ಮಾತ್ರ. ಜಗತ್ತಿನಲ್ಲಿ ಅದೇ ಬಗೆಯವರು ಲಕ್ಷ ಜನ ಇರಲಿ, ಆ ವಿಮಾನದಲ್ಲಿ ಇದ್ದವನು ಒಬ್ಬನೇ. ಕಾಗದ ಲಕ್ಷವನ್ನು ಎಂಟಕ್ಕೆ ಇಳಿಸುತ್ತದೆ, ಡಿಎನ್‌ಎ ಎಂಟನ್ನು ಒಂದಕ್ಕೆ. ಇಬ್ಬರದು ಒಂದೇ ಬಗೆ ಆಗಿಬಿಟ್ಟರೆ ಬೇರೆ ದಾರಿ ಹಿಡಿಯಬೇಕು. ಗಂಡು ಸಂತಾನದಲ್ಲಿ ಮಾತ್ರ ಇಳಿಯುವ ವೈ ಕ್ರೋಮೋಸೋಮ್ ನೋಡಬಹುದು. ಅದಕ್ಕೆ ಮಗ, ತಮ್ಮ, ಚಿಕ್ಕಪ್ಪನ ಗಂಡುಮಕ್ಕಳು ಆಗುತ್ತಾರೆ.

ಡಿಎನ್‌ಎ ಸಾಲದಿದ್ದಾಗ ಬೇರೆ ಸಾಕ್ಷಿಗಳು ನೆರವಿಗೆ ಬರುತ್ತವೆ. ಹಲ್ಲಿನ ದಾಖಲೆ ಹಳೆಯ ಉಪಾಯ, ಈಗಲೂ ಒಳ್ಳೆಯ ಉಪಾಯ. ಕ್ಷಯ ಇದೆಯೇ ಎಂದು ನೋಡಲು ಸೇನೆ ತೆಗೆಸಿದ್ದ ಎದೆಯ ಎಕ್ಸ್-ರೇಯಲ್ಲಿ ಕೊರಳೆಲುಬು ಕೂಡ ಬಿದ್ದಿರುತ್ತದೆ. ಅದರ ಅಂಚು ಒಬ್ಬೊಬ್ಬರಿಗೆ ಒಂದೊಂದು ಥರ, ಮೂಳೆಯ ಪಕ್ಕ ಇಟ್ಟು ಹೋಲಿಸಬಹುದು. ಮೂಳೆಯಲ್ಲಿರುವ ಇಂಗಾಲದ ಬಗೆಗಳನ್ನು ಅಳೆದರೆ ಆ ಮನುಷ್ಯ ಏನು ತಿಂದು ಬೆಳೆದ ಎಂಬ ಸುಳಿವೂ ಸಿಗುತ್ತದೆ. ಇಂಗಾಲ ಹೀರುವ ರೀತಿಯಲ್ಲಿ ಮೆಕ್ಕೆಜೋಳ ಒಂದು ಗುಂಪಿನ ಗಿಡ, ಅಕ್ಕಿ ಗೋಧಿ ಇನ್ನೊಂದು ಗುಂಪಿನವು. ಅಮೆರಿಕದವರ ಊಟದಲ್ಲಿ ಮೆಕ್ಕೆಜೋಳದ ಪಾಲು ಜಾಸ್ತಿ, ಏಷ್ಯಾದ ಎಷ್ಟೋ ಕಡೆ ಅಕ್ಕಿಯದೇ ಜಾಸ್ತಿ. ನಮ್ಮ ರಾಗಿ, ಜೋಳ ಕೂಡ ಮೆಕ್ಕೆಜೋಳದ ಗುಂಪಿನವೇ. ಮುದ್ದೆ ತಿಂದು ಬೆಳೆದವರ ಮೂಳೆಯಲ್ಲೂ ಆ ಗುರುತು ಇರುತ್ತದೆ.

ಒಳ್ಳೆಯ ಉದ್ದೇಶದಿಂದ ಮಾಡಿದ ಕೆಲಸವೂ ಕೆಲವು ಸಲ ಅಡ್ಡ ಬರುತ್ತದೆ. ಕೊರಿಯಾ ಯುದ್ಧದಲ್ಲಿ ಸತ್ತವರ ಮೂಳೆಗಳು ಹಾಳಾಗದಿರಲಿ ಎಂದು ಆಗಿನವರು ಫಾರ್ಮಾಲಿನ್ ಬೆರೆತ ಪುಡಿ ಹಾಕಿ, ಹವಾಯಿಯಲ್ಲಿ ‘ಅಜ್ಞಾತರು’ ಎಂದು ಹೂಳಿದರು. ಆಗ ಡಿಎನ್‌ಎ ಪರೀಕ್ಷೆ ಎಂಬುದೇ ಇರಲಿಲ್ಲ. ಆ ರಾಸಾಯನಿಕದಿಂದ ಡಿಎನ್‌ಎ ತುಂಡುತುಂಡಾಗಿ, ಮಾಮೂಲಿ ಪರೀಕ್ಷೆಗೆ ಸಿಗದೇ ಹೋಯಿತು. ಚಿಕ್ಕಚಿಕ್ಕ ತುಂಡುಗಳನ್ನೂ ಓದಿ ಜೋಡಿಸುವ ಹೊಸ ವಿಧಾನವನ್ನು ಡೋವರ್‌ನವರು 2016ರಿಂದ ಬಳಸುತ್ತಿದ್ದಾರೆ. ಮುಚ್ಚಿದ್ದ ಎಷ್ಟೋ ಕಡತಗಳು ಆಮೇಲೆ ತೆರೆದುಕೊಂಡವು.

ನಮ್ಮ ವಾಯುಪಡೆಯ ಒಂದು ವಿಮಾನದ ಮಾತನ್ನೂ ಇಲ್ಲಿ ಹೇಳಬೇಕು. ಅದು ಬಿದ್ದದ್ದು ಯುದ್ಧದಲ್ಲಲ್ಲ. 1968ರ ಫೆಬ್ರವರಿ 7ರಂದು 102 ಜನರನ್ನು ಹೊತ್ತ ಎಎನ್-12 ವಿಮಾನ ರೋಹ್ತಾಂಗ್ ಹತ್ತಿರ ಕಾಣೆಯಾಯಿತು. 2003ರಲ್ಲಿ ಪರ್ವತಾರೋಹಿಗಳಿಗೆ ಅದರ ಅವಶೇಷ ಸಿಕ್ಕಿತು. 2024ರಲ್ಲಿ, 56 ವರ್ಷಗಳ ಮೇಲೆ, ಇನ್ನೂ ನಾಲ್ಕು ದೇಹಗಳು ಸಿಕ್ಕವು. ಹಿಮ ಕಾಪಾಡಿದ್ದರಿಂದ ಕೆಲವರ ಗುರುತು ಅವರ ಬಳಿ ಇದ್ದ ಕಾಗದಪತ್ರಗಳಿಂದಲೇ ತಿಳಿಯಿತು. ಇಂಥ ಕೆಲಸ ಕಲಿತ ಕೈಗಳು ಈಗ ನಮ್ಮಲ್ಲೂ ಇವೆ. ಗಾಂಧಿನಗರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯ 2021ರಲ್ಲಿ ಡಿಪಿಎಎ ಜೊತೆ ಒಪ್ಪಂದ ಮಾಡಿಕೊಂಡು, ಇಲ್ಲಿನ ಹುಡುಕಾಟದಲ್ಲಿ ಕೈಜೋಡಿಸಿದೆ.

ಈಗ ಓಟ ಇರುವುದು ಕಾಲದ ಜೊತೆ. ಮೂಳೆ ಇನ್ನೂ ಹತ್ತು ವರ್ಷ ಮಣ್ಣಿನಲ್ಲಿ ಕಾಯಬಹುದು. ತಾಯಿಯ ಕಡೆಯ ಕೊನೆಯ ಬಂಧು ಕಾಯುವಂತಿಲ್ಲ. ಅದಕ್ಕೇ ವಂಶಾವಳಿ ಹುಡುಕುವವರು ಹಳೆಯ ಜನಗಣತಿ, ಮದುವೆ ದಾಖಲೆ, ಪತ್ರಿಕೆಯ ಸಾವಿನ ಸುದ್ದಿ ಜಾಲಾಡಿ, ಪೈಲಟ್‌ನ ತಂಗಿಯ ಮೊಮ್ಮಗಳೊಬ್ಬಳನ್ನು ಪತ್ತೆ ಮಾಡುತ್ತಾರೆ. ಆಕೆ ಅವನನ್ನು ಕಂಡವಳೇ ಅಲ್ಲ. ಅಜ್ಜಿಯ ಮನೆಯ ಗೋಡೆಯ ಮೇಲಿದ್ದ ಯೂನಿಫಾರಂ ಹುಡುಗನ ಫೋಟೋ ನೆನಪಿದ್ದರೆ ಅದೇ ದೊಡ್ಡದು. ಅಂಚೆಯಲ್ಲಿ ಒಂದು ಲಕೋಟೆ ಬರುತ್ತದೆ. ಒಳಗಿನ ಕಡ್ಡಿಯನ್ನು ಕೆನ್ನೆಯ ಒಳಗೆ ಉಜ್ಜಿ ವಾಪಸ್ ಕಳಿಸಬೇಕು. ಕೆಲವು ನಿಮಿಷದ ಕೆಲಸ.

ವರ್ಷಗಳ ಮೇಲೆ ಉತ್ತರ ಬಂದಾಗ ಮನೆಯವರ ಮುಂದೆ ಎಲ್ಲವನ್ನೂ ಬಿಡಿಸಿ ಇಡುತ್ತಾರೆ. ಯಾವ ಮೂಳೆ ಸಿಕ್ಕಿತು, ಯಾವುದು ಸಿಗಲಿಲ್ಲ, ಏಕೆ ಈ ಹೆಸರು ಹೇಳುತ್ತಿದ್ದೇವೆ ಎಂದು. ಒಂದು ಹಲ್ಲು ಮಾತ್ರ ಸಿಕ್ಕಿದ್ದರೂ ಪೂರ್ತಿ ಉದ್ದದ ಶವಪೆಟ್ಟಿಗೆಯಲ್ಲಿ ಸೇನೆಯ ಗೌರವದೊಂದಿಗೆ ಮಣ್ಣು ಮಾಡಬಹುದು. ಯಾರದೆಂದು ಬೇರ್ಪಡಿಸಲು ಆಗದ ಚೂರುಗಳಿದ್ದರೆ ಅವನ್ನು ಎಲ್ಲರ ಹೆಸರಿನಲ್ಲಿ ಒಂದೇ ಸಮಾಧಿಯಲ್ಲಿ ಇಡುವುದುಂಟು.

ಫಿಲಿಪ್ಪೀನ್ಸ್‌ನ ಮನಿಲಾದಲ್ಲಿ ಅಮೆರಿಕದ ಯುದ್ಧ ಸ್ಮಶಾನವಿದೆ. ಅಲ್ಲಿನ ಕಲ್ಲಿನ ಗೋಡೆಗಳ ಮೇಲೆ ಪೆಸಿಫಿಕ್ ಯುದ್ಧದಲ್ಲಿ ಕಾಣೆಯಾದ 36 ಸಾವಿರಕ್ಕೂ ಜಾಸ್ತಿ ಜನರ ಹೆಸರು ಕೆತ್ತಿದ್ದಾರೆ. ಯಾರದ್ದಾದರೂ ಗುರುತು ಸಿಕ್ಕಿದರೆ ಆ ಹೆಸರನ್ನು ಗೋಡೆಯಿಂದ ಅಳಿಸುವುದಿಲ್ಲ. ಅದರ ಪಕ್ಕದಲ್ಲಿ ಹೂವಿನ ಆಕಾರದ ಒಂದು ಸಣ್ಣ ಕಂಚಿನ ಗುಂಡಿ ಕೂರಿಸುತ್ತಾರೆ.